ಸತ್ತವರ ಕಂಟಿನ್ಯುಟಿ

ಸಿನಿಮಾ ಕೆಲಸಕ್ಕೆ ಸೇರುತ್ತೇವೆಂದು ಮೂಡುಬಿದಿರೆಯ ಕಾಲೇಜುಗಳ ಮಕ್ಕಳು ಈಗಲೂ ಪುತ್ತಿಗೆಯ ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಒಬ್ಬನಿಗೆ ಕ್ಯಾಮೆರಾ ಬೇಕು, ಇನ್ನೊಬ್ಬಳಿಗೆ ನಿರ್ದೇಶನ ಬೇಕು. ಕಂಟಿನ್ಯುಟಿ ಬೇಕೆಂದು ಕೇಳಿದವರನ್ನು ನಾನು ಇನ್ನೂ ನೋಡಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೇಳದವರಿಗೆ ಹೇಳುವುದು ನನ್ನ ಹಳೆಯ ಚಾಳಿ.

ಸಿನಿಮಾದಲ್ಲಿ ಒಂದು ದೃಶ್ಯದ ಅರ್ಧವನ್ನು ಇವತ್ತು ತೆಗೆದು ಉಳಿದರ್ಧವನ್ನು ಹತ್ತು ದಿನ ಬಿಟ್ಟು ತೆಗೆಯುತ್ತಾರೆ. ಇವತ್ತು ಎಡಗೈಯಲ್ಲಿದ್ದ ವಾಚು ಅವತ್ತೂ ಎಡಗೈಯಲ್ಲೇ ಇರಬೇಕು. ಅರ್ಧ ಕುಡಿದ ಚಹಾ ಅರ್ಧವೇ ಇರಬೇಕು. ಅದನ್ನು ನೋಡಿ ಬರೆದಿಟ್ಟುಕೊಳ್ಳುವುದು ನನ್ನ ಕೆಲಸ. ನಮ್ಮ ತುಳು ಸಿನಿಮಾಗಳಲ್ಲಿ ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದೆ. ಕೆಲಸ ಸರಿಯಾದರೆ ನೀವಿದ್ದದ್ದೇ ಯಾರಿಗೂ ಗೊತ್ತಾಗುವುದಿಲ್ಲ. ತಪ್ಪಿದರೆ ಮಾತ್ರ ಇಡೀ ಬೆಳ್ತಂಗಡಿ ತಾಲೂಕಿಗೆ ಗೊತ್ತಾಗುತ್ತದೆ.

ಮೊದಮೊದಲು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸೀರೆಯ ನೆರಿಗೆ ಎಷ್ಟು, ಕುಂಕುಮ ಎಷ್ಟು ದೊಡ್ಡದು, ಚಪ್ಪಲಿಯ ಉಂಗುಷ್ಟ ಹರಿದಿದೆಯೋ ಇಲ್ಲವೋ. ಆಮೇಲೆ ಸಣ್ಣ ಕ್ಯಾಮೆರಾ ಬಂತು, ಆಮೇಲೆ ಮೊಬೈಲು. ಈಗಿನವರು ಒಂದು ಶಾಟ್‌ಗೆ ನಲವತ್ತು ಫೋಟೋ ಹೊಡೆದು ಗ್ರೂಪಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕೇಳಿದರೆ, "ಫೋಟೋ ಉಂಟಲ್ಲ ಆಂಟಿ" ಎನ್ನುತ್ತಾರೆ. ಉಂಟು, ಆದರೆ ನೋಡಿದವರು ಯಾರು? ನಾನು ಮೊಬೈಲು ಬಂದ ಮೇಲೂ ಮುಖ್ಯವಾದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದೆ. ಯೂನಿಟ್ಟಿನವರು ನಗುತ್ತಿದ್ದರು, ನಗಲಿ ಎಂದು ಬಿಟ್ಟಿದ್ದೆ.

ನನ್ನ ಕೊನೆಯ ವರ್ಷಗಳು ಹೋದದ್ದು ಹೆದರಿಸುವ ಸಿನಿಮಾಗಳಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೊಂದು ಪ್ರಚಾರ. ಕಥೆ ಇಷ್ಟು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಜಂಕ್ಷನ್ನಿನಲ್ಲಿ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟುತ್ತಾರಲ್ಲ? ಆ ಸಿನಿಮಾದಲ್ಲಿ ಬದುಕಿರುವವರ ಬ್ಯಾನರ್ ಬೆಳಗಾಗುವುದರೊಳಗೆ ತಾನಾಗಿ ಏಳುತ್ತದೆ. ಬ್ಯಾನರ್ ಎದ್ದವರು ಸಾಯಲೇಬೇಕು. ಬಸ್ಸು ತಪ್ಪಿಸಿದರೆ ಬಾವಿ, ಬಾವಿ ತಪ್ಪಿಸಿದರೆ ಇನ್ನೊಂದು. ವಿಧಿ ಬರೆದದ್ದು ಬರೆದದ್ದೇ. ನನಗೆ ಆ ಕಥೆ ಮೊದಲ ದಿನದಿಂದಲೂ ಕಂಡರಾಗದು. ಆದರೂ ಒಂದನೇ ಭಾಗ ಓಡಿತು, ಹಾಗಾಗಿ ಎರಡನೇ ಭಾಗ ಹುಟ್ಟಿತು. ಒಂದರಲ್ಲಿ ಸತ್ತವರು ಎರಡರಲ್ಲಿ ಅಪ್ಪಿತಪ್ಪಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರಬಾರದು ಎಂದು ಸತ್ತವರ ಪಟ್ಟಿಯನ್ನೂ ನಾನೇ ಇಟ್ಟುಕೊಳ್ಳಬೇಕಾಯಿತು.

ಒಂದನೇ ಭಾಗದಲ್ಲಿ ಸಂಜೀವಣ್ಣನವರ ಹೆಣದ ದೃಶ್ಯ ತೆಗೆಯುವಾಗ ರಕ್ತಕ್ಕೆ ಪುನರ್ಪುಳಿ ಹಣ್ಣಿನ ಸಿರಪ್ಪನ್ನು ಸಕ್ಕರೆ ಹಾಕಿ ಕಾಯಿಸಿ ತಂದಿದ್ದರು. ಬಣ್ಣ ಬಹಳ ಚೆನ್ನಾಗಿತ್ತು. ಹತ್ತು ನಿಮಿಷದಲ್ಲಿ ಊರಿನ ಇರುವೆಯೆಲ್ಲ ಬಂತು. ಹೆಣ ಮೊದಲು ಕಾಲು ಅಲ್ಲಾಡಿಸಿತು, ಆಮೇಲೆ ಎದ್ದು ಕುಳಿತು ಬೆನ್ನು ಕೆರೆದುಕೊಂಡಿತು. ಸಂಜೀವಣ್ಣ ಬೆಳ್ತಂಗಡಿಯ ಹಳೆಯ ನಾಟಕದವರು, ಅರವತ್ತು ದಾಟಿದ ಜನ. "ಸುಮತಿ, ಸಾಯುವುದಕ್ಕೂ ಒಂದು ಸಮಾಧಾನ ಬೇಡವಾ ಮಾರಾಯ್ತಿ" ಎಂದರು. ಆಮೇಲೆ ಸಕ್ಕರೆಯಿಲ್ಲದ ರಕ್ತ ತಂದರು. ಅದು ಮೊದಲಿನಷ್ಟು ಕೆಂಪಾಗಿರಲಿಲ್ಲ. ಒಂದೇ ಹೆಣಕ್ಕೆ ಎರಡು ಬಣ್ಣದ ರಕ್ತ! ಅದನ್ನು ಸರಿಮಾಡಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ನನ್ನ ದೊಡ್ಡ ತಪ್ಪು ಇದಾದ ಮರುದಿನ ನಡೆಯಿತು. ಬಿ.ಸಿ.ರೋಡಿನ ಜಂಕ್ಷನ್ನಿನಲ್ಲಿ ಸಂಜೀವಣ್ಣನವರ ಶ್ರದ್ಧಾಂಜಲಿ ಬ್ಯಾನರ್ ಕಟ್ಟಿ ಚಿತ್ರೀಕರಣ ಮಾಡಿದೆವು. ಪ್ಯಾಕಪ್ ಆದಾಗ ಬ್ಯಾನರ್ ಬಿಚ್ಚಲು ಹೋದವರನ್ನು ನಾನೇ ತಡೆದೆ. ನಾಳೆ ಇನ್ನೆರಡು ಶಾಟ್ ಇತ್ತು. ಪುನಃ ಕಟ್ಟಿದರೆ ಗಂಟು ಬೇರೆಯಾಗುತ್ತದೆ, ಓರೆ ಬೇರೆಯಾಗುತ್ತದೆ, ಕಂಟಿನ್ಯುಟಿ ಕೆಡುತ್ತದೆ. "ಹಾಗೇ ಇರಲಿ" ಎಂದೆ. ಮಾಲೆ ಹಾಕಿದ ಫೋಟೋ, ಎರಡು ಕಡೆ ದೀಪ, ಕೆಳಗೆ 'ಅಗಲಿದ ಆತ್ಮಕ್ಕೆ ಚಿರಶಾಂತಿ'. ಇದು ಸಿನಿಮಾ ಎಂದು ಎಲ್ಲೂ ಬರೆದಿರಲಿಲ್ಲ. ಬರೆದರೆ ಶಾಟ್‌ನಲ್ಲಿ ಕಾಣುತ್ತದಲ್ಲ!

ಬೆಳಿಗ್ಗೆ ಏಳು ಗಂಟೆಗೆ ಸಂಜೀವಣ್ಣ ಹಲ್ಲುಜ್ಜುತ್ತಾ ಬಾಗಿಲು ತೆರೆದರೆ ಅಂಗಳದಲ್ಲಿ ಎರಡು ಜೀಪು ತುಂಬ ನೆಂಟರು. ಹೆಂಗಸರು ಅಳಲು ಶುರು ಮಾಡಿಯಾಗಿತ್ತು. ಮಸ್ಕತ್ತಿನಲ್ಲಿದ್ದ ಅಳಿಯ ವಿಮಾನ ನಿಲ್ದಾಣದ ದಾರಿಯಲ್ಲಿದ್ದ. ವಾಟ್ಸಾಪಿನಲ್ಲಿ ಬ್ಯಾನರಿನ ಫೋಟೋ ಸಮುದ್ರ ದಾಟಿ ಹೋಗಿಯಾಗಿತ್ತು. ಅವರ ಹೆಂಡತಿ ನನಗೆ ಫೋನ್ ಮಾಡಿ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಪೂರ್ತಿ ನನ್ನದೇ ತಪ್ಪು, ಒಪ್ಪಿಕೊಂಡೆ. ಸುಳ್ಳು ಸಾವಿನ ಸುದ್ದಿ ಬಂದರೆ ಆಯುಷ್ಯ ಹೆಚ್ಚುತ್ತದೆ ಎಂದು ಕೆಲವರು, ಇದು ಕಂಟಕದ ಸೂಚನೆ, ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕು ಎಂದು ಕೆಲವರು. ಸಂಜೀವಣ್ಣ ಎರಡೂ ಕಡೆಯವರ ಮಾತನ್ನು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಿ.ಸಿ.ರೋಡಿಗೆ ಬಂದು ತಮ್ಮ ಬ್ಯಾನರಿನ ಕೆಳಗೇ ನಿಂತು ಚಹಾ ಕುಡಿದರು, ಎರಡು ಗೋಳಿಬಜೆ ತಿಂದರು. ಬಸ್ಸಿನವರು ನಿಧಾನ ಮಾಡಿ ನೋಡಿದಾಗಲೆಲ್ಲ ಕೈಯೆತ್ತಿ ನಮಸ್ಕಾರ ಮಾಡಿದರು. ಅವರು ಈಗಲೂ ಗಟ್ಟಿಮುಟ್ಟಾಗಿದ್ದಾರೆ.

ಇನ್ನು ನಗು ಶಾಟ್ ವಿಷಯ ಹೇಳಬೇಕು. ಇದು ಹೊರಗಿನವರಿಗೆ ಗೊತ್ತಿಲ್ಲ. ಪರದೆಯ ಮೇಲೆ ಸತ್ತವರು ಬಣ್ಣ ತೊಳೆಯುವ ಮೊದಲು ಎದ್ದು ಕ್ಯಾಮೆರಾ ನೋಡಿ ನಕ್ಕು "ಯಾನ್ ಉಲ್ಲೆ" ಎನ್ನಬೇಕು. ನಾನು ಇದ್ದೇನೆ ಎಂದರ್ಥ. ಹಾಗೆ ಹೇಳದಿದ್ದರೆ ಸತ್ತದ್ದು ಲೆಕ್ಕಕ್ಕೆ ಸೇರುತ್ತದಂತೆ. ಯಾವ ಕ್ಯಾಮೆರಾಮನ್ ಶುರು ಮಾಡಿದ್ದೋ ಗೊತ್ತಿಲ್ಲ, ನಾನು ಬರುವ ಮೊದಲೇ ಇತ್ತು. ತೆಗೆದಾಯಿತೆಂದು ಗುರುತು ಹಾಕಿಕೊಳ್ಳುವುದು ನನ್ನ ಕೆಲಸ. ನನಗೆ ನಂಬಿಕೆ ಇರಲಿಲ್ಲ. ಆದರೆ ನಗುವುದರಿಂದ ಯಾರಿಗೂ ನಷ್ಟವಿಲ್ಲವಲ್ಲ ಎಂದು ಮಾಡಿಸುತ್ತಿದ್ದೆ.

ಎರಡನೇ ಭಾಗದಲ್ಲಿ ನಾಯಕಿ ಬಸ್ಸಿನಿಂದ ತಪ್ಪಿಸಿಕೊಳ್ಳುತ್ತಾಳೆ, ಬಾವಿಯಿಂದ ತಪ್ಪಿಸಿಕೊಳ್ಳುತ್ತಾಳೆ, ಕೊನೆಗೆ ಆಸ್ಪತ್ರೆಯ ಆಪರೇಷನ್ ಮೇಜಿನ ಮೇಲೆ ಸಾಯುತ್ತಾಳೆ. ಅವಳಿಗೆ ಡ್ಯೂಪ್ ಆಗಿ ಬಂದವಳು ವನಿತಾ. ಬೆಳ್ತಂಗಡಿ ಕಡೆಯ ಕಬಡ್ಡಿ ಆಟಗಾರ್ತಿ, ಮೂವತ್ತರ ಹತ್ತಿರದ ಹೆಣ್ಣು. ಬೀಡಿ ಕಟ್ಟಿ ಸಾಕಿದ ತಾಯಿ ಗಿರಿಜಕ್ಕ, ಈಗ ಈ ಮಗಳ ದುಡಿಮೆಯಲ್ಲಿ ಕೂತು ಉಣ್ಣುತ್ತಿದ್ದರು. ಬಸ್ಸಿನಿಂದ ಹಾರಿದ್ದು ವನಿತಾ, ಬಾವಿಯಲ್ಲಿ ನೇತಾಡಿದ್ದು ವನಿತಾ. ಕೊನೆಗೆ ಸತ್ತದ್ದೂ ಅವಳೇ. ಮೇಜಿನ ಮೇಲೆ ಹೆಣವಾಗಿ ಮಲಗುವುದು ಅಪಶಕುನ ಎಂದು ನಾಯಕಿಯ ತಾಯಿ ಹಟ ಹಿಡಿದರು. ಹಾಗಾಗಿ ವನಿತಾಳನ್ನು ಮಲಗಿಸಿ ಹಸಿರು ಬಟ್ಟೆ ಹೊದಿಸಿ ಬರೀ ಕೈಕಾಲು ತೋರಿಸಿದರು. ಶಾಟ್ ಮುಗಿಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಆ ಗಡಿಬಿಡಿಯಲ್ಲಿ ನಗು ಶಾಟ್ ತೆಗೆಸಲು ಮರೆತೆ.

ಕಥೆಯಲ್ಲಿ ಮೇಜಿಗಿಂತ ಮೊದಲು ಬರುವ ಬಾವಿಯ ದೃಶ್ಯವನ್ನು ಮರುದಿನ ಪುತ್ತಿಗೆಯಾಚೆ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಹಳೆಯ ಕೋರೆಯಲ್ಲಿ ಇಟ್ಟುಕೊಂಡಿದ್ದರು. ಕೋರೆಗೆ ಬಾವಿಯ ಕಟ್ಟೆಯ ಸೆಟ್ ಹಾಕಿದ್ದರು. ಹಗ್ಗದ ಜವಾಬ್ದಾರಿ ಹಮೀದಾಕನದ್ದು. ಬಂಟ್ವಾಳದ ಬ್ಯಾರಿ, ಗಲ್ಫಿನಲ್ಲಿ ಇಪ್ಪತ್ತು ವರ್ಷ ಎತ್ತರದ ಕಟ್ಟಡಗಳಿಗೆ ಅಟ್ಟಣಿಗೆ ಕಟ್ಟಿ ಬಂದವರು. ಒಂದೊಂದು ಬೆಲ್ಟನ್ನೂ ಬೆರಳಿನಲ್ಲಿ ಸವರಿ ಸವರಿ ನೋಡುತ್ತಿದ್ದರು. ಅವರು 'ಹ್ಞೂಂ' ಎನ್ನುವ ತನಕ ಯಾರನ್ನೂ ನೇತುಹಾಕುವಂತಿಲ್ಲ. ನಿರ್ದೇಶಕ ಧೀರಜನಿಗೆ ಅದೇ ದೊಡ್ಡ ಕಿರಿಕಿರಿ. ಅವತ್ತು ಬೆಳಿಗ್ಗೆ ನೀಲಿ ಬೆಲ್ಟಿನಲ್ಲಿ ಎರಡು ಶಾಟ್ ಚೆನ್ನಾಗಿ ಆಯಿತು. ಮಧ್ಯಾಹ್ನ ತೋಡಾರಿನಲ್ಲಿ ಹಮೀದಾಕನ ತಂಗಿಯ ಮಗಳ ನಿಕಾಹ್.

"ಇನ್ನು ಹಗ್ಗದ ಶಾಟ್ ಇಲ್ಲ ತಾನೇ?" ಎಂದು ಮೂರು ಸಲ ಕೇಳಿದರು.

"ಇಲ್ಲ ಹಮೀದಾಕ, ನೀವು ಹೋಗಿ ಬಿರಿಯಾನಿ ಊಟ ಮಾಡಿ ಬನ್ನಿ" ಎಂದ ಧೀರಜ.

ಅವರು ಬೆಲ್ಟಿನ ಚೀಲವನ್ನು ಕಾರಿನಲ್ಲಿ ಹಾಕಿಕೊಂಡು ಹೋದರು. ಮೂರು ಗಂಟೆಗೆ ಬಿಸಿಲು ಓರೆಯಾಗಿ ಕೋರೆಯ ಗೋಡೆಯೆಲ್ಲ ಕೆಂಪಗೆ ಹೊಳೆಯಿತು. ಧೀರಜನಿಗೆ ಆಸೆ ತಡೆಯಲಿಲ್ಲ. "ಒಂದೇ ಶಾಟ್, ಒಂದೇ ನಿಮಿಷ" ಎಂದ. ಜನರೇಟರಿನ ಟಾರ್ಪಾಲಿಗೆ ಕಟ್ಟಿದ್ದ ಹಳದಿ ನೈಲಾನ್ ಹಗ್ಗ ಬಿಚ್ಚಿ ತಂದರು. ವನಿತಾಳ ಸೊಂಟಕ್ಕೆ ಸುತ್ತಿದರು. ನಾನು ಎದುರಿಗೇ ಇದ್ದೆ. ಫೋಟೋ ಹೊಡೆದೆ. ತಪ್ಪು ಕಾಣಿಸಿತು, ಕೂಗಿಯೂ ಕೂಗಿದೆ. ಏನೆಂದು ಕೂಗಿದೆ ಗೊತ್ತೇ? "ಸರ್, ಬೆಳಿಗ್ಗೆ ನೀಲಿ ಇತ್ತು, ಈಗ ಹಳದಿ!"

ಧೀರಜ ಬಂದು ಅವಳ ಕುರ್ತಾವನ್ನು ಹಗ್ಗದ ಮೇಲೆ ಎಳೆದು ಮುಚ್ಚಿದ. "ಈಗ ಸರಿಯಾ ಸುಮತಿಯಕ್ಕ?"

"ಈಗ ಸರಿ" ಎಂದೆ.

ಈ ಎರಡು ಪದಗಳನ್ನು ಬರೆಯಲು ನನಗೆ ಇಷ್ಟು ಪುಟ ಬೇಕಾಯಿತು. ಹಗ್ಗ ಕೋರೆಯ ಅಂಚಿಗೆ ಉಜ್ಜಿ ಉಜ್ಜಿ ತುಂಡಾಯಿತು. ವನಿತಾ ಕೆಳಗಿನ ಕಲ್ಲಿನ ರಾಶಿಯ ಮೇಲೆ ಬಿದ್ದಳು. ಬಲತೊಡೆಯ ಮೂಳೆ ಮುರಿಯಿತು.

ಮೂಡುಬಿದಿರೆಯ ಆಸ್ಪತ್ರೆಗೆ ಸೇರಿಸಿದೆವು. ಎರಡು ದಿನದೊಳಗೆ ಆಪರೇಷನ್ ಮಾಡಿ ರಾಡ್ ಹಾಕಬೇಕು, ತಡವಾದರೆ ಅಡ್ಡಾದಿಡ್ಡಿ ಕೂಡಿಕೊಳ್ಳುತ್ತದೆ, ಮತ್ತೆ ನೆಟ್ಟಗೆ ನಡೆಯುವುದು ಕಷ್ಟ ಎಂದರು ಡಾಕ್ಟರು. ಅಷ್ಟರಲ್ಲಿ ಯೂನಿಟ್ಟಿನಲ್ಲಿ ಮಾತು ಹಬ್ಬಿಯಾಗಿತ್ತು. ಮೇಜಿನ ಮೇಲೆ ಸತ್ತು ನಗದೆ ಎದ್ದು ಬಂದಳಲ್ಲ, ಸಾವು ಹಿಂದೆ ಬಂತು. ಧೀರಜ ಅದನ್ನು ಪತ್ರಿಕೆಯವರಿಗೂ ಹೇಳಿದ. 'ತೆರೆಯ ಮೇಲಿನ ವಿಧಿ ತೆರೆಯ ಹಿಂದೆಯೂ' ಎಂದು ಪೋಸ್ಟರ್ ಮಾಡಿಸುವ ಯೋಚನೆಯೂ ಇತ್ತಂತೆ. ಮರುದಿನ ಬೆಳಿಗ್ಗೆ ನಾನು ಹೋದಾಗ ವನಿತಾ ಆಪರೇಷನ್ ಬೇಡವೆಂದು ಹಟ ಹಿಡಿದಿದ್ದಳು.

"ಅಕ್ಕ, ಬಸ್ಸಿನಿಂದ ತಪ್ಪಿದೆ. ಕೋರೆಯಿಂದ ತಪ್ಪಿದೆ. ಇನ್ನು ಉಳಿದದ್ದು ಮೇಜು" ಎಂದಳು. ಆಡುವಾಗ ನಾಲ್ಕು ಜನ ಹಿಡಿದರೂ ಗೆರೆ ಮುಟ್ಟುವ ಹೆಣ್ಣು ಅವಳು. ಅವತ್ತು ನನ್ನ ಸೆರಗು ಹಿಡಿದವಳು ಬಿಡಲಿಲ್ಲ.

"ಮೊನ್ನೆ ಒಮ್ಮೆ ಮೇಜಿನ ಮೇಲೆ ಹೆಣ ಮಾಡಿ ಮಲಗಿಸಿದ್ದೀರಿ" ಎಂದರು ಗಿರಿಜಕ್ಕ. "ಪುನಃ ಮಲಗಿಸಲಿಕ್ಕೆ ನಾನು ಬಿಡುವುದಿಲ್ಲ. ಎಣ್ಣೆ ಹಾಕಿ ಕಟ್ಟುವವರು ಇದ್ದಾರೆ, ಅಲ್ಲಿಗೆ ಕರ್ಕೊಂಡು ಹೋಗ್ತೇನೆ. ಕುಂಟಿಯಾದರೂ ಅಡ್ಡಿಲ್ಲ, ಮಗಳು ನನಗೆ ಉಳೀಬೇಕು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾಲ್ಕು ಪೇಟೆಗಳಲ್ಲಿ ಓಡಲಿ ಎಂದು ಹೆಣೆದ ಒಂದು ಕಥೆ! ಅದರ ವಿಧಿಯನ್ನು ಒಬ್ಬರು ಚಹಾ ಕುಡಿಯುತ್ತಾ ಬರೆದದ್ದನ್ನು ನಾನೇ ನೋಡಿದ್ದೇನೆ. ಮೇಜಿನ ಸಾವನ್ನು ಕೊನೆಗೆ ಸೇರಿಸಿದ್ದು ಆಸ್ಪತ್ರೆಯ ಸೆಟ್ ಖಾಲಿ ಇತ್ತೆಂದು! ಅದಕ್ಕೆ ಒಂದು ಜೀವಂತ ಕಾಲು ಬಲಿಯಾಗಬೇಕೇ?

ಮನೆಗೆ ಹೋಗಿ ನೋಟ್‌ಬುಕ್ ತಂದೆ. ಕೋರೆಯಲ್ಲಿ ಬೆಳಿಗ್ಗೆ ಒಂದು, ಮೂರು ಗಂಟೆಗೆ ಒಂದು ಹೊಡೆದ ಎರಡು ಫೋಟೋ ಪ್ರಿಂಟ್ ಹಾಕಿಸಿ ಎದುರುಬದುರು ಪುಟದಲ್ಲಿ ಅಂಟಿಸಿದೆ. ಹಮೀದಾಕನಿಗೂ ಫೋನ್ ಮಾಡಿದೆ. ವನಿತಾಳ ಕೈಯಲ್ಲಿ ಪುಸ್ತಕ ತೆರೆದಿಟ್ಟು, "ನಿನ್ನ ಸೊಂಟ ನೋಡು" ಎಂದೆ.

ಒಂದೊಂದು ಫೋಟೋಗೂ ಬೆರಳಿಟ್ಟಳು. "ಇದು ಬೆಲ್ಟು. ಇದು ಎಂತ?"

"ಟಾರ್ಪಾಲಿಗೆ ಕಟ್ಟಿದ ಹಗ್ಗ."

"ನನಗೆ ಹಮೀದಾಕ ಕೊಟ್ಟು ಹೋದದ್ದು ಅಂತ ಹೇಳಿದ್ರು." ತಲೆ ಎತ್ತಿದಳು. "ನೀವು ಅಲ್ಲೇ ಇದ್ರಲ್ಲ ಸುಮತಿಯಕ್ಕ. ನಿಮಗೆ ಕಾಣಲಿಲ್ವಾ?"

"ಕಂಡಿತು. ಬಣ್ಣ ಬೇರೆ ಅಂತ ಕಂಡಿತು. ಹಗ್ಗ ಬೇರೆ ಅಂತ ಕಾಣಲಿಲ್ಲ. ಈಗ ಸರಿ ಅಂತ ಹೇಳಿದವಳೂ ನಾನೇ."

ಅವಳು ನನಗೆ ತುಳುವಿನಲ್ಲಿ ಬೈದಳು. ಜೋರಾಗಿ, ಹೆಸರು ಹಿಡಿದು ಬೈದಳು. ಗಿರಿಜಕ್ಕ ಬಾಯಿ ಮುಚ್ಚಿಸಲು ಬಂದಾಗ ಅವರನ್ನೂ ದೂಡಿದಳು. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾಚಿಕೆಯಾಯಿತು, ಅಳುವೂ ಬಂತು. ಅದರ ಜೊತೆಗೇ ಒಂದು ಖುಷಿಯೂ ಆಯಿತು, ಯಾಕೆಂದರೆ ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಹಿಂದಿನ ದಿನದಿಂದ ಯಮನನ್ನು ಕಾಯುತ್ತಿದ್ದವಳಿಗೆ ಸಿಟ್ಟು ಮಾಡಲು ಈಗ ಮನುಷ್ಯರು ಸಿಕ್ಕಿದ್ದರು.

ಹಮೀದಾಕ ಬಂದರು. ಕೋರೆಗೆ ಹೋಗಿ ಹಗ್ಗದ ತುಂಡನ್ನು ಹುಡುಕಿ ತಂದಿದ್ದರು. ತುದಿಯನ್ನು ಗಿರಿಜಕ್ಕನ ಕೈಗೆ ಕೊಟ್ಟು, "ಮುಟ್ಟಿ ನೋಡಿ ಗಿರಿಜಕ್ಕ. ಒಂದು ಬದಿ ಕಲ್ಲು ತಿಂದದ್ದು, ಇನ್ನೊಂದು ಬದಿ ಮೊದಲೇ ಬಿಸಿಲಿಗೆ ಪುಡಿಯಾದದ್ದು. ಆಯುಷ್ಯ ನಮ್ಮನ್ನು ಸೃಷ್ಟಿಸಿದವನ ಕೈಯಲ್ಲಿ, ಅದರಲ್ಲಿ ನನಗೆ ಸಂಶಯ ಇಲ್ಲ. ಆದರೆ ಹಗ್ಗ ನಮ್ಮ ಕೈಯಲ್ಲಿ ಉಂಟು. ನಾವು ಮಾಡಿದ ತಪ್ಪನ್ನು ಅವನ ತಲೆಗೆ ಕಟ್ಟುವುದು ಬೇಡ" ಎಂದರು.

ಗಿರಿಜಕ್ಕ ಬೀಡಿ ಎಲೆಯ ಗುಣ ನೋಡುವ ಹಾಗೆ ಆ ತುದಿಯನ್ನು ಹೆಬ್ಬೆರಳಿನಲ್ಲಿ ಉಜ್ಜಿ ನೋಡಿದರು. ಹಳದಿ ಪುಡಿ ಉದುರಿತು. ಎದ್ದು ಹೋಗಿ ನರ್ಸಿನ ಹತ್ತಿರ ಒಪ್ಪಿಗೆ ಪತ್ರ ಕೇಳಿ ತಂದು, ಮಗಳು ಸಹಿ ಹಾಕಿದ ಕೆಳಗೆ ಹೆಬ್ಬೆಟ್ಟು ಒತ್ತಿದರು.

ಮರುದಿನ ಬೆಳಿಗ್ಗೆ ಆಪರೇಷನ್ನಿಗೆ ಕರೆದೊಯ್ಯುವ ಸ್ವಲ್ಪ ಮೊದಲು ಧೀರಜ ಬಂದ. ಕೈಯಲ್ಲಿ ಸೇಬು, ಟೈಪ್ ಮಾಡಿಸಿದ ಒಂದು ಕಾಗದ. ಪೊಲೀಸರಿಗೆ ಕೊಡಲು ಎಂದ. 'ವಿಧಿಯಾಟದಿಂದ ಸಂಭವಿಸಿದ ಅವಘಡದಲ್ಲಿ ನಾನು ಗಾಯಗೊಂಡಿದ್ದು, ಯಾರ ಮೇಲೂ ದೂರು ಇರುವುದಿಲ್ಲ' ಎಂದಿತ್ತು. "ಒಂದು ಸೈನ್ ಅಷ್ಟೇ ವನಿತಾ. ಹಣೆಬರಹ, ಯಾರು ಎಂತ ಮಾಡ್ಲಿಕ್ಕೆ ಆಗ್ತದೆ?"

ವನಿತಾ ಪೆನ್ನು ತೆಗೆದುಕೊಂಡಳು. 'ವಿಧಿಯಾಟದಿಂದ' ಎಂಬುದನ್ನು ಹೊಡೆದು ಹಾಕಿ ಮೇಲೆ 'ಟಾರ್ಪಾಲಿನ ಹಗ್ಗದಿಂದ' ಎಂದು ಬರೆದಳು. 'ಯಾರ ಮೇಲೂ' ಎಂಬಲ್ಲಿ ಅವನ ಹೆಸರು, ನನ್ನ ಹೆಸರು. 'ಇರುವುದಿಲ್ಲ' ಎಂಬುದು 'ಉಂಟು' ಆಯಿತು. ಕೆಳಗೆ ಸಹಿ ಹಾಕಿದಳು. ನಾನು ಪೆನ್ನು ಇಸಿದುಕೊಂಡು ಅದರ ಕೆಳಗೆ, 'ನಾನು ಕಣ್ಣಾರೆ ಕಂಡಿದ್ದೇನೆ, ಬಣ್ಣ ಮಾತ್ರ ನೋಡಿ ಸುಮ್ಮನಾದದ್ದು ನನ್ನ ತಪ್ಪು' ಎಂದು ಬರೆದು ಸಹಿ ಹಾಕಿದೆ.

ಧೀರಜ ತಂದಿದ್ದ ಸೇಬನ್ನು ವಾಪಸ್ ಎತ್ತಿಕೊಂಡ. "ಇನ್ನು ಯಾವ ಸೆಟ್ಟಿಗೂ ನಿಮ್ಮನ್ನು ಯಾರೂ ಕರೆಯುವುದಿಲ್ಲ ಸುಮತಿಯಕ್ಕ, ನೆನಪಿಟ್ಟುಕೊಳ್ಳಿ."

"ನೆನಪಿಟ್ಟುಕೊಳ್ಳುವುದೇ ನನ್ನ ಕೆಲಸ ಅಲ್ವಾ ಸರ್" ಎಂದೆ.

ನಾನು ನಿವೃತ್ತಳಾದದ್ದು ಹೀಗೆ. ಶಾಲು, ಹಣ್ಣುಬುಟ್ಟಿ, ಭಾಷಣ ಯಾವುದೂ ಇರಲಿಲ್ಲ. ಆಪರೇಷನ್ ಮೂರು ಗಂಟೆ ಹಿಡಿಯಿತು. ಗಿರಿಜಕ್ಕ, ಹಮೀದಾಕ, ನಾನು ಒಂದೇ ಬೆಂಚಿನಲ್ಲಿ ಕುಳಿತೆವು. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದೆವು. ಕೊನೆಗೆ ಡಾಕ್ಟರು ಬಂದು, "ಚೆನ್ನಾಗಿ ಆಗಿದೆ. ಎಚ್ಚರ ಆದ ಕೂಡಲೇ ಊಟ ಕೇಳಿದ್ರು" ಎಂದರು. ವನಿತಾ ಆರು ತಿಂಗಳು ಕೋಲು ಹಿಡಿದು ನಡೆದಳು. ಕಬಡ್ಡಿ ನಿಂತಿತು, ಅದು ಹೋದದ್ದು ಹೋಯಿತು. ದೂರು ಪೊಲೀಸ್ ಠಾಣೆಯಲ್ಲಿ ಒಂದಷ್ಟು ದಿನ ಓಡಾಡಿತು. ಕೊನೆಗೆ ಕಲಾವಿದರ ಸಂಘದವರ ಎದುರಿನಲ್ಲಿ ಧೀರಜ ತಪ್ಪು ಒಪ್ಪಿ ಬರೆದುಕೊಟ್ಟ. ಹಗ್ಗದವರು ಒಪ್ಪದೆ ಶಾಟ್ ಇಲ್ಲ ಎಂಬುದೂ ಆ ಬರಹದಲ್ಲಿತ್ತು. ವನಿತಾ ಹಮೀದಾಕನ ಹತ್ತಿರ ಹಗ್ಗದ ಕೆಲಸ ಕಲಿಯಲು ಸೇರಿದಳು.

ಕಳೆದ ವರ್ಷ ಮೂರನೇ ಭಾಗ ಶುರುವಾಯಿತು. ಸಾವಿಗೆ ಇನ್ನೂ ಹೊಟ್ಟೆ ತುಂಬಿರಲಿಲ್ಲ, ನಿರ್ಮಾಪಕರಿಗೂ. ಹಮೀದಾಕನಿಗೆ ಮಂಡಿನೋವು ಹೆಚ್ಚಾಗಿ ಹಗ್ಗದ ಜವಾಬ್ದಾರಿ ವನಿತಾಳಿಗೆ ಬಂದಿತ್ತು. "ಬನ್ನಿ ಅಕ್ಕ, ಸುಮ್ಮನೆ ನೋಡ್ಲಿಕ್ಕೆ" ಎಂದು ಅವಳೇ ನನ್ನನ್ನು ಕರೆದುಕೊಂಡು ಹೋದಳು. ಬೆಳ್ತಂಗಡಿಯ ಒಂದು ಹಳೆಯ ಗೋದಾಮಿನಲ್ಲಿ ಮೂರಾಳೆತ್ತರದ ಸೆಟ್ ಹಾಕಿದ್ದರು. ಹೊಸ ಡ್ಯೂಪ್ ಹುಡುಗಿ ಬೆಲ್ಟ್ ಹಾಕಿಕೊಂಡು ನಿಂತಿದ್ದಳು. ವನಿತಾ ಮತ್ತೊಮ್ಮೆ, ಇನ್ನೊಮ್ಮೆ ಎಂದು ಗಂಟು ನೋಡುತ್ತಲೇ ಇದ್ದಳು. ಧೀರಜ ವಾಚು ನೋಡಿಕೊಂಡು ಕೈಮುಗಿದ.

"ಸಾಕು ವನಿತಾ, ಹೊತ್ತಾಯ್ತು. ದೇವರ ಮೇಲೆ ಭಾರ ಹಾಕಿ ಶುರು ಮಾಡುವ."

ವನಿತಾ ಹುಡುಗಿಯ ಬೆಲ್ಟ್ ಬಿಚ್ಚಿದಳು. ತುಸು ಕುಂಟುತ್ತಾ ಅವನ ಹತ್ತಿರ ಬಂದು ಅವನ ಸೊಂಟಕ್ಕೆ ಅದನ್ನು ಸುತ್ತಿ ಕೊಂಡಿ ಹಾಕಿದಳು.

"ದೇವರ ಮೇಲೆ ಆಮೇಲೆ ಹಾಕುವ ಸರ್" ಎಂದಳು. "ಮೊದಲು ಹಗ್ಗದ ಮೇಲೆ ನಿಮ್ಮ ಭಾರ ಹಾಕಿ."

ಅವನು ಸುತ್ತಲೂ ನೋಡಿದ. ಯೂನಿಟ್ಟಿನವರು ಒಬ್ಬೊಬ್ಬರಾಗಿ ಹಿಂದೆ ಸರಿದು ಜಾಗ ಬಿಟ್ಟರು. ಅವಳು ಹಗ್ಗ ಎಳೆಯುವವರಿಗೆ ಕೈ ಸನ್ನೆ ಮಾಡಿದಳು. ನಿರ್ದೇಶಕರ ಬೂಟುಗಳು ನೆಲ ಬಿಟ್ಟವು.